ಧೈರ್ಯದ ಪೀರಿಯಡ್ಡು

ತನ್ನ ಹತ್ತಿರ ಇಲ್ಲದ್ದನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರು ಯಾರೂ ಮೇಷ್ಟರ ಕೆಲಸ ಮಾಡಿದವರಲ್ಲ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ. ನಾನು ಎರಡು ವರ್ಷದಿಂದ ಪ್ರತಿ ಶನಿವಾರ ಒಂದು ತಾಸು, ಪಿಯುಸಿ ಎರಡನೇ ವರ್ಷದ ಸೈನ್ಸ್ ಮಕ್ಕಳಿಗೆ ಧೈರ್ಯ ಹಂಚುತ್ತಿದ್ದೇನೆ. ನನ್ನ ಸ್ವಂತ ಧೈರ್ಯದ ಬಗ್ಗೆ ಹೇಳಬೇಕೆಂದರೆ, ಕುಕ್ಕರು ಮೊದಲ ಸೀಟಿ ಹೊಡೆಯುವ ಮುಂಚೆ ಸುಂಯ್ ಎನ್ನುತ್ತದಲ್ಲ, ಆಗಲೇ ಅಡಿಗೆಮನೆಯಿಂದ ಹೊರಗೆ ಬಂದು ನಿಲ್ಲುವವಳು ನಾನು. ಸ್ಕೂಟಿಯ ಮೇಲೆ ಹೋಗುವಾಗ ಎದುರಿಗೆ ಟ್ರ್ಯಾಕ್ಟರ್ ಕಂಡರೆ ಇಳಿದು, ಸ್ಕೂಟಿಯನ್ನು ದೂಡಿಕೊಂಡು ಪಕ್ಕಕ್ಕೆ ಸರಿಯುತ್ತೇನೆ. ಎಷ್ಟೋ ಸಲ ಆ ಟ್ರ್ಯಾಕ್ಟರ್ ರಿಪೇರಿಗೆ ನಿಂತಿರುತ್ತದೆ, ಅದರಲ್ಲಿ ಡ್ರೈವರೇ ಇರುವುದಿಲ್ಲ. ನನ್ನ ಗಂಡ ಇದನ್ನೆಲ್ಲ ನೋಡಿ, "ನೀ ಮಕ್ಕಳಿಗೆ ಧೈರ್ಯ ಹೇಳ್ತೀಯಂತಲ್ಲ, ಅದನ್ನ ಒಂದೀಟು ಮನಿಗೂ ತಂದು ಇಡು" ಎನ್ನುತ್ತಾರೆ.

ನಾನು ಹಗರಿಬೊಮ್ಮನಹಳ್ಳಿಯ ಪಿಯು ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕಿ. ಇಂಥವಳ ಕೊರಳಿಗೆ ಸಿಇಟಿ ಬಂದು ಬಿದ್ದದ್ದು ಹೀಗೆ. ಅದಕ್ಕಿಂತ ಹಿಂದಿನ ವರ್ಷ ನಮ್ಮ ಮಕ್ಕಳು ಬೋರ್ಡ್ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದರು. ಆದರೆ ಇಂಜಿನಿಯರಿಂಗು, ಅಗ್ರಿ, ವೆಟರ್ನರಿ ಸೀಟು ಕೊಡುವ ಆ ಇನ್ನೊಂದು ಪರೀಕ್ಷೆಯಲ್ಲಿ ಅವರಿಗೆ ಬಂದ ರ‍್ಯಾಂಕು ಎಷ್ಟೆಂದರೆ, ಓದುವ ಮೊದಲು ನಡುನಡುವೆ ಅಲ್ಪವಿರಾಮ ಹಾಕಿಕೊಳ್ಳಬೇಕಿತ್ತು. ಕರೆದು ಕೇಳಿದರೆ ಎಲ್ಲರದೂ ಒಂದೇ ಮಾತು: "ಗೊತ್ತಿತ್ತು ಮೇಡಂ, ಅಲ್ಲಿ ಹೋಗಿ ಕುಂತ ಕೂಡ್ಲೇ ಕೈ ನಡುಗಾಕ ಹತ್ತಿತು." ಪ್ರಿನ್ಸಿಪಾಲ್ ಬಸವರಾಜಪ್ಪನವರು ಸ್ಟಾಫ್ ರೂಮಿನಲ್ಲಿ ಮೀಟಿಂಗ್ ಕರೆದು, ನಮ್ಮ ಮಕ್ಕಳಿಗೆ ವಿದ್ಯೆ ಇದೆ, ಧೈರ್ಯ ಇಲ್ಲ, ಯಾರಾದರೂ ವಾರಕ್ಕೊಂದು ಪೀರಿಯಡ್ಡು ಆ ಕೆಲಸ ಹಿಡಿಯಬೇಕು ಎಂದರು. ಫಿಸಿಕ್ಸಿನವರು ಸಿಲೆಬಸ್ ಮುಗಿದಿಲ್ಲ ಎಂದರು. ಕೆಮಿಸ್ಟ್ರಿಯವರು ಪ್ರ್ಯಾಕ್ಟಿಕಲ್ ಬಾಕಿ ಇದೆ ಎಂದರು. ಗಣಿತದವರು ಎದ್ದು ಹೋಗಿ ನೀರು ಕುಡಿದು ಬಂದರು. ನಾನು ಬಾಯಲ್ಲಿ ಚೂಡಾ ಹಾಕಿಕೊಂಡಿದ್ದರಿಂದ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು.

"ಮೇಡಂ, ನಿಮ್ದು ಮಾತಿನ ಸಬ್ಜೆಕ್ಟು. ನೀವ ಇದಕ್ಕ ಸರಿ."

ನಾನು ಚೂಡಾ ನುಂಗಿ, "ಸರ್, ಸಿಇಟಿಯೊಳಗ ಕನ್ನಡನ ಇಲ್ಲಲ್ರಿ?" ಎಂದೆ.

"ಅದಕ್ಕ ನೋಡ್ರಿ, ನಿಮಗ ಪುರಸೊತ್ತು ಐತಿ" ಎಂದು ಅವರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದರು. ಆದೇಶದಲ್ಲಿ 'ಪ್ರವೇಶ ಪರೀಕ್ಷಾ ಆತ್ಮವಿಶ್ವಾಸ ವರ್ಧನಾ ತರಗತಿ' ಎಂದೇನೋ ಇತ್ತು. ವೇಳಾಪಟ್ಟಿಯ ಆ ಪುಟ್ಟ ಚೌಕದಲ್ಲಿ ಅಷ್ಟುದ್ದದ ಹೆಸರು ಹಿಡಿಯದೆ ನಮ್ಮ ಗುಮಾಸ್ತರು 'ಧೈರ್ಯ' ಎಂದಷ್ಟೇ ಬರೆದು ಅಂಟಿಸಿದರು. ಶನಿವಾರ, ನಾಲ್ಕನೇ ಪೀರಿಯಡ್ಡು: ಧೈರ್ಯ. ಅವತ್ತಿನಿಂದ ಮಕ್ಕಳ ಬಾಯಲ್ಲಿ ನಾನು ಧೈರ್ಯದ ಮೇಡಂ.

ಮೊದಲ ದಿನ ನಾನು ನಲವತ್ತು ನಿಮಿಷ ಭಾಷಣ ಮಾಡಿದೆ. ಸಮುದ್ರ, ಹಡಗು, ಬಿರುಗಾಳಿ, ದೀಪಸ್ತಂಭ ಎಲ್ಲ ಬಂದವು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಸಮುದ್ರ ನೋಡಿದವರಲ್ಲ, ನಾನೂ ಒಂದೇ ಸಲ ನೋಡಿದವಳು, ಅದೂ ದಂಡೆಯಲ್ಲಿ ನಿಂತು ಚಪ್ಪಲಿ ಕಾಯುತ್ತಾ. ಮಾತಾಡುತ್ತಾ ಮಾತಾಡುತ್ತಾ ನನಗೇ ಕಣ್ಣು ತುಂಬಿ ಬಂತು. ಕೊನೆಗೆ, ಏನಾದರೂ ಪ್ರಶ್ನೆ ಇದ್ದರೆ ಕೇಳಿ ಎಂದೆ. ಕೊಟ್ಟೂರು ಕಡೆಯಿಂದ ದಿನಾ ಬಸ್ಸಿಗೆ ಬರುವ ಮಲ್ಲೇಶಿ ಎದ್ದು ನಿಂತ. "ಮೇಡಂ, ಇದ್ರಾಗ ಎಷ್ಟು ಮಾರ್ಕ್ಸಿಂದು ಬರ್ತೈತಿ?"

ಭಾಷಣದಿಂದ ಆಗುವ ಕೆಲಸ ಇದಲ್ಲ ಎಂದು ಆಗ ನನಗೆ ಹೊಳೆಯಿತು. ಮುಂದಿನ ವಾರ ನಾನು ಹಳೆಯ ಪ್ರಶ್ನೆಪತ್ರಿಕೆ ತಂದೆ. ಉತ್ತರ ತುಂಬುವ ಓಎಂಆರ್ ಹಾಳೆಯ ನಕಲನ್ನೂ ಜೆರಾಕ್ಸ್ ಮಾಡಿಸಿದೆ. ಒಂದೊಂದು ಪ್ರಶ್ನೆಗೆ ನಾಲ್ಕು ಸೊನ್ನೆ, ಸರಿಯಾದ ಸೊನ್ನೆಯನ್ನು ಪೆನ್ನಿನಿಂದ ಕಪ್ಪು ಮಾಡಬೇಕು, ಒಮ್ಮೆ ಮಾಡಿದರೆ ಮುಗಿಯಿತು, ಅಳಿಸುವಂತಿಲ್ಲ. ನೋಡಲಿಕ್ಕೆ ಸುಲಭ. ಆದರೆ ನಾಲ್ಕು ಉತ್ತರ ಕಣ್ಣ ಮುಂದೆ ಇಟ್ಟುಬಿಟ್ಟರೆ ಮನುಷ್ಯನಿಗೆ ಎಂಥ ಅವಸ್ಥೆ ಬರುತ್ತದೆ ಎನ್ನುವುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಮೈಲಾರದ ಜಾತ್ರೆಯಲ್ಲಿ ಕಾರ್ಣಿಕದ, ಅಂದರೆ ದೈವದ ಭವಿಷ್ಯವಾಣಿಯ, ಒಂದು ಸಾಲು ಹೊರಬೀಳುತ್ತದೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದಕ್ಕೆ ನಾಲ್ಕು ಅರ್ಥ ಹುಟ್ಟಿರುತ್ತವೆ. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ, ಸರಕಾರ ಬಿದ್ದರೂ ಸರಿ, ನಿಂತರೂ ಸರಿ, ಯಾರಿಗೂ ಮಾರ್ಕ್ಸು ಕಳೆಯುವುದಿಲ್ಲ. ಹಾಗೆ ಬೆಳೆದ ಮಕ್ಕಳಿಗೆ, ನಾಲ್ಕರಲ್ಲಿ ಒಂದೇ ಸರಿ ಎಂದರೆ ಹೇಗೆ ನಂಬಿಕೆ ಬರಬೇಕು?

ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ಮಲ್ಲೇಶಿ ಹಾಳೆ ತಂದುಕೊಟ್ಟ. ಅರವತ್ತು ಪ್ರಶ್ನೆಗೂ ಮೂರನೇ ಸೊನ್ನೆಯೇ ಕಪ್ಪಾಗಿತ್ತು. ಮೇಲಿನಿಂದ ಕೆಳಗೆ ಗೆರೆ ಎಳೆದಷ್ಟು ನೆಟ್ಟಗೆ.

"ಎಲ್ಲಾದಕ್ಕೂ 'ಸಿ' ಏನಪಾ?"

"ನಮ್ಮಣ್ಣ ಹೇಳ್ಯಾನ್ರಿ ಮೇಡಂ. ತಿಳೀಲಿಲ್ಲ ಅಂದ್ರ 'ಸಿ' ಹಾಕು ಅಂತ."

"ಅರವತ್ತೂ ತಿಳೀಲಿಲ್ಲೇನು?"

"ಓದಿದ್ರ ತಿಳೀತಿದ್ವೇನೋ ಮೇಡಂ. ಓದಲಿಲ್ಲ."

ಇವನಿಗೆ ಕೊಡುವುದಕ್ಕಿಂತ ಇವನಿಂದ ಸ್ವಲ್ಪ ಧೈರ್ಯ ಇಸಿದುಕೊಂಡು ಬೇರೆಯವರಿಗೆ ಹಂಚುವುದು ಒಳ್ಳೆಯದು ಎಂದು ನನಗೆ ಅನಿಸಿತು. ಅನಿಸಲು ಕಾರಣ ಕೊನೆಯ ಬೆಂಚಿನ ರೇಷ್ಮಾ. ಬೆಲ್ಲು ಹೊಡೆದ ಮೇಲೂ ಅವಳು ಎದ್ದಿರಲಿಲ್ಲ. ಹೋಗಿ ನೋಡಿದರೆ ಅವಳ ಓಎಂಆರ್ ಹಾಳೆ ಅಂಗಡಿಯಿಂದ ತಂದಷ್ಟೇ ಬೆಳ್ಳಗಿತ್ತು. ಒಂದು ಸೊನ್ನೆಗೂ ಪೆನ್ನು ಮುಟ್ಟಿಸಿರಲಿಲ್ಲ. ಆದರೆ ಪ್ರಶ್ನೆಪತ್ರಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ ಅರವತ್ತು ಉತ್ತರಗಳನ್ನೂ ಬರೆದಿದ್ದಳು. ಬಯಾಲಜಿಯವರಿಗೆ ತೋರಿಸಿದೆ. ಅವರು ಕೂತು ತಿದ್ದಿ, "ಐವತ್ತಮೂರು ಕರೆಕ್ಟ್ ಅದಾವ. ನಾನು ಕುಂತ್ರೂ ಇಷ್ಟು ಬರ್ತಾವೋ ಇಲ್ಲೋ" ಎಂದರು. ಹಾಳೆಯ ಪ್ರಕಾರ ಅವಳಿಗೆ ಬಂದದ್ದು ಸೊನ್ನೆ. ಮಲ್ಲೇಶಿಗೆ ಹದಿನಾರು ಬಂದಿತ್ತು.

"ಯಾಕವ್ವಾ ತುಂಬಲಿಲ್ಲ?" ಎಂದು ಕೇಳಿದೆ.

ಅವಳು ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಒಮ್ಮಿ ಕಪ್ಪು ಮಾಡಿದ್ರ ಅಳಸಾಕ ಬರಂಗಿಲ್ಲಲ್ರಿ ಮೇಡಂ. ತಪ್ಪಾಗಿದ್ರ?" ಎಂದಳು.

"ತಪ್ಪಾದ್ರ ಮಾರ್ಕ್ಸ್ ಏನೂ ಕಳಿಯಂಗಿಲ್ಲ. ಖಾಲಿ ಬಿಟ್ರ ಮಾತ್ರ ಏನೂ ಸಿಗಂಗಿಲ್ಲ."

"ಗೊತ್ತೈತ್ರಿ" ಎಂದಳು. ಗೊತ್ತಿರುವುದೇ ಇಂಥ ಮಕ್ಕಳ ತೊಂದರೆ.

ಅಲ್ಲಿಂದ ನಾನು ನನಗೆ ತಿಳಿದ ಉಪಾಯಗಳನ್ನೆಲ್ಲ ಹೂಡಿದೆ. ಮೊದಲ ಸುತ್ತಿನಲ್ಲಿ ಕಣ್ಣಿಗೆ ಬಿದ್ದ ಕೂಡಲೇ ಬರುವಂಥವು, ಎರಡನೇ ಸುತ್ತಿನಲ್ಲಿ ಸ್ವಲ್ಪ ತಿಣುಕಬೇಕಾದವು, ಕೊನೆಗೆ ಮಲ್ಲೇಶಿಯ ಅಣ್ಣನ ಪದ್ಧತಿ. ಐದೈದು ಪ್ರಶ್ನೆಗೊಮ್ಮೆ ಸೊನ್ನೆ ತುಂಬುವುದು. ಕೈಗಡಿಯಾರ ಒಳಗೆ ಬಿಡುವುದಿಲ್ಲವಾದ್ದರಿಂದ ಗೋಡೆಯ ಗಡಿಯಾರ ನೋಡಿ ಅಭ್ಯಾಸ ಮಾಡುವುದು. ಮಕ್ಕಳಿಗೆ ಪರೀಕ್ಷಾ ಹಾಲಿನ ಭಯ ಹೋಗಲಿ ಎಂದು ನಾನೇ ಕಟ್ಟುನಿಟ್ಟಿನ ಮೇಲ್ವಿಚಾರಕಿಯ ವೇಷ ಹಾಕಿ ಬೆಂಚುಗಳ ನಡುವೆ ಓಡಾಡಿದೆ. ರೇಷ್ಮಾ ಬಂದು, "ಮೇಡಂ, ನಿಮ್ಮ ಚಪ್ಪಲಿ ಟಪಟಪ ಅಂದಂಗೆಲ್ಲಾ ನನಗ ಒಂದೊಂದು ಫಾರ್ಮುಲಾ ಮರ್ತು ಹೊಕ್ಕೈತ್ರಿ" ಎಂದಳು. ಮರುವಾರ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ನಡೆದೆ. "ಈಗ ನೀವು ಎಲ್ಲದೀರಿ ಅಂತ ಗೊತ್ತಾಗಂಗಿಲ್ಲ ಮೇಡಂ, ಇನ್ನಾ ಹೆದ್ರಿಕಿ" ಎಂದಳು. ಕೊನೆಗೆ ನಾನು ಕುರ್ಚಿಯ ಮೇಲೆ ಕೂತೇ ಮೇಲ್ವಿಚಾರಣೆ ಮಾಡಿದೆ. ಅದರಿಂದ ಮಕ್ಕಳಿಗೆ ಎಷ್ಟು ಪ್ರಯೋಜನವಾಯಿತೋ ಕಾಣೆ, ನನ್ನ ಮಂಡಿನೋವು ಕಡಿಮೆಯಾಯಿತು. ರೇಷ್ಮಾಳ ಹಾಳೆ ಮಾತ್ರ ಬೆಳ್ಳಗೇ ಬರುತ್ತಿತ್ತು. ಹೆಚ್ಚೆಂದರೆ ಹತ್ತು ಹನ್ನೆರಡು ಸೊನ್ನೆ, ಅದೂ ಪೆನ್ನಿನ ತುದಿಯಿಂದ ಸೊಳ್ಳೆ ಕಚ್ಚಿದ ಹಾಗೆ ಒಂದು ಚುಕ್ಕಿ. ಆ ಚುಕ್ಕಿಯನ್ನು ಯಾವ ಯಂತ್ರವೂ ಓದುವುದಿಲ್ಲ.

ಅವಳ ತಂದೆ ಖಾದರ್ ಸಾಬರದು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗಾಡಿ ರಿಪೇರಿಯ ಗ್ಯಾರೇಜು. ನನ್ನ ಸ್ಕೂಟಿಯ ಬ್ರೇಕು ಸಡಿಲವಾಗಿದೆ ಎಂಬ ನೆಪ ಮಾಡಿಕೊಂಡು ಒಂದು ದಿನ ಹೋದೆ. ನೆಪವೇನೂ ಸುಳ್ಳಲ್ಲ. ಅಷ್ಟೊಂದು ಸಲ ಬ್ರೇಕು ಹಿಡಿಯುವವಳ ಬ್ರೇಕು ಸಡಿಲವಾಗದೆ ಇರುತ್ತದೆಯೇ? ಖಾದರ್ ಸಾಬರು ಕೈಯ ಗ್ರೀಸು ಒರೆಸಿಕೊಂಡು ಸ್ಟೂಲು ಹಾಕಿಸಿ, ಪಕ್ಕದಲ್ಲಿ ನಿಂತಿದ್ದ ಗಿರಾಕಿಗೆ ನನ್ನನ್ನು ಪರಿಚಯಿಸಿದರು: "ಇವ್ರು ನಮ್ಮ ಡಾಕ್ಟ್ರು ಮೇಡಂ."

ನಾನು ಗಾಬರಿಯಾಗಿ, "ನಾನು ಡಾಕ್ಟ್ರಲ್ರಿ, ಕನ್ನಡ ಹೇಳಾಕಿ" ಎಂದೆ.

"ನೀವಲ್ರಿ ಮೇಡಂ. ನಮ್ಮ ಬೇಟಿ ಡಾಕ್ಟ್ರು, ಅಕಿಗೆ ನೀವು ಮೇಡಂ." ಗಿರಾಕಿ ತಲೆಯಾಡಿಸಿದ. ಅವನಿಗೆ ಈ ವಿಷಯ ಮೊದಲೇ ಗೊತ್ತಿತ್ತು. ಅವನಿಗಷ್ಟೇ ಅಲ್ಲ, ಆ ರಸ್ತೆಯ ಚಹದಂಗಡಿಗೆ, ಪಂಕ್ಚರ್ ಅಂಗಡಿಗೆ, ಹಡಗಲಿಯಿಂದ ಮಲ್ಲಿಗೆ ತಂದು ಮಾರುವ ಅಜ್ಜಿಗೆ ಎಲ್ಲರಿಗೂ ಗೊತ್ತಿತ್ತು. ಡಾಕ್ಟರ್ ಸೀಟಿಗೆ ಸಿಇಟಿಯಲ್ಲ, ನೀಟ್ ಎಂಬ ಬೇರೆ ಪರೀಕ್ಷೆ ಎನ್ನುವುದೊಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ರೇಷ್ಮಾ ಕೊತ್ತಂಬರಿ ತರಲು ಹೊರಟರೆ, "ಡಾಕ್ಟ್ರಮ್ಮ ಹೊಂಟ್ರು, ದಾರಿ ಬಿಡ್ರಿ" ಎನ್ನುತ್ತಿದ್ದರು. ಅಜ್ಜಿಯಂತೂ ತನ್ನ ಸೊಂಟನೋವನ್ನು ಎರಡು ವರ್ಷದಿಂದ ಇವಳಿಗಾಗಿ ಕಾದಿರಿಸಿ ಇಟ್ಟುಕೊಂಡಿದ್ದಳು.

ಹುಡುಗಿಯ ಪೆನ್ನು ಎಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಅಲ್ಲಿ ಗೊತ್ತಾಯಿತು. ಅವಳು ಒಂದು ಸೊನ್ನೆ ತಪ್ಪು ತುಂಬಿದರೆ ಅದು ಅವಳೊಬ್ಬಳ ತಪ್ಪಲ್ಲ, ಇಡೀ ಬಸ್ ಸ್ಟ್ಯಾಂಡ್ ರಸ್ತೆಯ ತಪ್ಪು. ನಾನು ಖಾದರ್ ಸಾಬರನ್ನು ಪಕ್ಕಕ್ಕೆ ಕರೆದು ಸಮಾಧಾನದಿಂದ ಹೇಳಿದೆ: ಮಗಳ ಮುಂದೆ ಪರೀಕ್ಷೆಯ ಮಾತು, ಡಾಕ್ಟರ್ ಮಾತು ಆಡಬೇಡಿ, ಅವಳಿಗೆ ಭಾರ ಆಗುತ್ತಿದೆ. ಅವರು ಸ್ಪ್ಯಾನರನ್ನು ಕೆಳಗಿಟ್ಟು, "ಮೇಡಂ, ನಾ ಖುಷಿಗೆ ಅಂತಿದ್ದೆ. ಅಕಿಗೆ ಭಾರ ಆಗ್ತೈತಿ ಅಂತ ಗೊತ್ತಿರಲಿಲ್ರಿ. ಇವತ್ತಿಂದ ಬಂದ್" ಎಂದರು. ಅವರ ಮುಖ ನೋಡಿದ ಮೇಲೆ ಹೇಳಬಾರದಿತ್ತೇನೋ ಅನಿಸಿತು. ನಾನೇನು ಅವರಿಗಿಂತ ದೊಡ್ಡ ಮೆಕ್ಯಾನಿಕ್ಕೇ?

ಮೆಕ್ಯಾನಿಕ್ಕಲ್ಲ ಎನ್ನುವುದು ಎಂಟೇ ದಿನದಲ್ಲಿ ಸಾಬೀತಾಯಿತು. ರೇಷ್ಮಾ ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲಿ ನಿಂತಳು. "ಮೇಡಂ, ನೀವು ಅಬ್ಬಾಗ ಏನು ಹೇಳಿದ್ರಿ? ಮನ್ಯಾಗ ಯಾರೂ ಮಾತಾಡವಲ್ರು. ಊಟಕ್ಕ ಕುಂತ್ರ ಅಬ್ಬಾ ನನ್ನ ನೋಡ್ತಾರ, ಅಮ್ಮಿ ಅಬ್ಬಾನ ನೋಡ್ತಾಳ. ಚಹದಂಗಡಿಯವ್ರೂ ಬಾಯಿ ಮುಚ್ಗೊಂಡು ನಿಂತಿರ್ತಾರ. ನಾ ಫೇಲ್ ಆಗೋದು ಎಲ್ಲಾರಿಗೂ ಮೊದ್ಲ ಗೊತ್ತಾಗೈತೇನೋ ಅನಿಸ್ತೈತ್ರಿ." ನಾನು ಮತ್ತೆ ಗ್ಯಾರೇಜಿಗೆ ಓಡಿ, ದಯವಿಟ್ಟು ಮೊದಲಿನ ಹಾಗೇ ಮಾತಾಡಿ ಎಂದು ಬೇಡಿಕೊಂಡೆ.

ಇಷ್ಟೆಲ್ಲ ನಡೆಯುವಾಗ ನಾನೊಂದು ವಿಷಯವನ್ನು ಮಕ್ಕಳಿಗೆ ಹೇಳಿರಲಿಲ್ಲ, ನಿಮಗೂ ಹೇಳಿಲ್ಲ. ನಮ್ಮಂಥ ನೌಕರರು ಒಂದು ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಲೇಬೇಕು, ಇಲ್ಲದಿದ್ದರೆ ಬಡ್ತಿಯ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಎಲ್ಲರೂ ಎಂದೋ ಪಾಸು ಮಾಡಿದ್ದರು. ನಾನು ಪ್ರತಿ ಸಲ ಅರ್ಜಿ ಹಾಕುವ ಕಾಲಕ್ಕೆ ಸರಿಯಾಗಿ ಮದುವೆ, ಜ್ವರ, ಮೌಲ್ಯಮಾಪನ ಏನಾದರೊಂದು ತಂದುಕೊಳ್ಳುತ್ತಿದ್ದೆ. ಆ ವರ್ಷ ಪ್ರಿನ್ಸಿಪಾಲರು ತಾವೇ ನನ್ನ ಅರ್ಜಿ ಹಾಕಿಸಿಬಿಟ್ಟರು. ಪರೀಕ್ಷೆ ಹೊಸಪೇಟೆಯಲ್ಲಿ, ಮಕ್ಕಳ ಸಿಇಟಿಗಿಂತ ಒಂದು ತಿಂಗಳು ಮೊದಲು. ಹಾಲ್ ಟಿಕೆಟ್ ತೆಗೆಸಲು ಇಂಟರ್ನೆಟ್ ಅಂಗಡಿಗೆ ಹೋದೆ. ಪ್ರಿಂಟರಿನಿಂದ ನನ್ನ ಫೋಟೋ ಇದ್ದ ಹಾಳೆ ಸರ‍್ರನೆ ಹೊರಬಂತು. ಅದನ್ನು ಎತ್ತಿ ಕೈಗೆ ಕೊಟ್ಟವನು ಜಾತಿ ಪ್ರಮಾಣಪತ್ರ ತೆಗೆಸಲು ಬಂದಿದ್ದ ಮಲ್ಲೇಶಿ.

"ಮೇಡಂ, ನಿಮಗೂ ಪರೀಕ್ಷೆ ಐತೇನ್ರಿ?" ಅವನ ಮುಖ ಬೆಳದಿಂಗಳಾಗಿತ್ತು.

ಶನಿವಾರ ತರಗತಿಗೆ ಕಾಲಿಡುವಷ್ಟರಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಅರವತ್ತು ಕಣ್ಣುಗಳು ನನ್ನನ್ನು ಹೊಸದಾಗಿ ನೋಡಿದವು. "ಅಭ್ಯಾಸ ಮಾಡೀರೇನ್ರಿ ಮೇಡಂ?" ಎಂದು ಯಾರೋ ಕೇಳಿದರು. ನಾನು ಅವರನ್ನು ಕೇಳುವ ಧಾಟಿ ಅದು. ನಾನು ಮಕ್ಕಳು ಹೇಳುವ ಧಾಟಿಯಲ್ಲೇ, "ಮಾಡಾಕತ್ತೀನಿ" ಎಂದೆ. ಸುಳ್ಳು. ಮನೆಯಲ್ಲಿ ಕಂಪ್ಯೂಟರ್ ಇತ್ತು, ಅದರ ಮೇಲೆ ನಾನೇ ಹೆಣೆದ ಉಲ್ಲನ್ ಹೊದಿಕೆ ಇತ್ತು.

ಆ ಮಧ್ಯಾಹ್ನ ರೇಷ್ಮಾ ಬಂದು, "ಮೇಡಂ, ಲ್ಯಾಬ್ ಖಾಲಿ ಐತಿ. ಬರ್ರಿ, ನಾ ಹೇಳಿಕೊಡ್ತೀನಿ" ಎಂದಳು. ಮುಂದಿನ ಹದಿನೈದು ದಿನ ನಾನು ಅವಳ ವಿದ್ಯಾರ್ಥಿನಿ. ಮೌಸನ್ನು ನಾನು ಜೀವಂತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದೆ, ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಮಾಯವಾಗುತ್ತಿತ್ತು. ಯಾವ ಗುಂಡಿ ಒತ್ತುವ ಮೊದಲೂ ನಾನು ಅವಳ ಮುಖ ನೋಡುತ್ತಿದ್ದೆ. "ಒತ್ರಿ ಮೇಡಂ." "ಒತ್ತಲೇನು?" "ಒತ್ರಿ." "ಎಲ್ಲಾ ಅಳಿಸಿ ಹೋದ್ರ?" ಅವಳು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಒಂದು ದಿನ ಮಾತ್ರ, "ತಪ್ಪಾದ್ರ ಏನಾಗ್ತೈತ್ರಿ ಮೇಡಂ? ಕಂಪ್ಯೂಟರ್ ಏನು ಬಡಿತೈತಾ?" ಎಂದವಳು ತಾನು ಏನೆಂದೆ ಎಂದು ತನಗೇ ಕೇಳಿಸಿ, ನಕ್ಕು, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆ ದಿನಗಳಲ್ಲೇ ಅವಳು ನನಗೆ ಇನ್ನೊಂದು ಮಾತು ಹೇಳಿದ್ದು. ಅವಳಿಗೆ ಮನುಷ್ಯರ ಡಾಕ್ಟರಾಗುವ ಆಸೆಯೇ ಇರಲಿಲ್ಲ. ಕೂಡ್ಲಿಗಿ ಕಡೆ ಅವಳ ಅಜ್ಜಿಯ ಮನೆಯಲ್ಲಿ ಆಡುಗಳಿದ್ದವು. ರಜೆಯಲ್ಲಿ ಹೋದಾಗ ಒಂದು ಆಡು ಈಯಲಾರದೆ ಒದ್ದಾಡಿದ್ದನ್ನು, ದನದ ಡಾಕ್ಟರು ಬಂದು ಮರಿಯನ್ನು ಹೊರತೆಗೆದದ್ದನ್ನು ನೋಡಿದ್ದಳು. "ನಾ ದನದ ಡಾಕ್ಟ್ರ ಆಗಬೇಕ್ರಿ. ಅಬ್ಬಾಗ ಇನ್ನಾ ಹೇಳಿಲ್ಲ. ರಸ್ತಾದ ಮಂದಿ ಏನಂತಾರೋ." ನಾನು, ಮಲ್ಲಿಗೆ ಅಜ್ಜಿಯ ಸೊಂಟದ ಗತಿ ಏನು ಎಂದೆ. ಇಬ್ಬರೂ ನಕ್ಕೆವು.

ನನ್ನ ಪರೀಕ್ಷೆಯ ದಿನ ಹೊಸಪೇಟೆಯ ಕೇಂದ್ರದಲ್ಲಿ ನನ್ನಂಥವರೇ ಇಪ್ಪತ್ತು ಜನ ಇದ್ದರು. ತಲೆ ನರೆತವರು, ಕನ್ನಡಕ ಒರೆಸಿಕೊಳ್ಳುವವರು, ಹಣೆಗೆ ದೇವರ ಅರಿಶಿನ ಭಂಡಾರ ಹಚ್ಚಿಕೊಂಡು ಬಂದ ಒಬ್ಬ ಗ್ರಾಮ ಲೆಕ್ಕಿಗರು. ಗಡಿಯಾರ ಪರದೆಯ ಮೂಲೆಯಲ್ಲಿ ಹಿಂದಕ್ಕೆ ಎಣಿಸತೊಡಗಿತು. ಮೊದಲ ಪ್ರಶ್ನೆ ನೋಡಿದೆ. ಉತ್ತರ ಗೊತ್ತಿತ್ತು. ಕೈ ನಡುಗಾಕ ಹತ್ತಿತು. ವರ್ಷವಿಡೀ ಮಕ್ಕಳ ಬಾಯಲ್ಲಿ ಕೇಳಿ, "ಅದೆಲ್ಲ ನೆಪ" ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದ ಮಾತು ಅದು. ಅಂಗೈ ಬೆವರಿ ಮೌಸು ಜಾರುತ್ತಿತ್ತು, ನಾಲ್ಕು ಉತ್ತರಗಳೂ ಒಂದೇ ಥರ ಕಾಣುತ್ತಿದ್ದವು, ಕಿವಿಯಲ್ಲಿ ಕುಕ್ಕರಿನ ಸುಂಯ್ ಸದ್ದು. ಮೇಲ್ವಿಚಾರಕ ಹುಡುಗ ಹತ್ತಿರ ಬಂದು, "ಮೇಡಂ, ಆರಾಮ ಕುಂದ್ರಿ, ಉಸಿರಾಡ್ರಿ" ಎಂದ. ಉಸಿರಾಡುವುದನ್ನೂ ಮರೆತಿದ್ದೆ ಎಂದು ಆಗ ಗೊತ್ತಾಯಿತು. ಆಮೇಲೆ ಸುಲಭದ್ದು ಮೊದಲು ಎಂಬ ನನ್ನದೇ ಪಾಠ ನೆನಪಾಗಿ ಒಂದಷ್ಟು ಒತ್ತಿದೆ. ಆದರೆ ಮೊದಲ ಪ್ರಶ್ನೆಯ ಮುಂದೆಯೇ ಬಹಳ ಹೊತ್ತು ಕಳೆದುಬಿಟ್ಟಿದ್ದೆ. ಫಲಿತಾಂಶ ಬಂದಾಗ ಎರಡು ಅಂಕ ಕಡಿಮೆ. ನಪಾಸು.

ಶನಿವಾರ ಬಂತು. ತರಗತಿಗೆ ಹೋಗಬಾರದೆಂದು ಬೆಳಿಗ್ಗೆ ನನಗೆ ತಲೆನೋವು ಬಂದಿತ್ತು, ಆದರೆ ಪ್ರಿನ್ಸಿಪಾಲರು ಮಾತ್ರೆ ಕೊಟ್ಟರು. ಹೋದೆ. ಸಮುದ್ರ, ಹಡಗು ಯಾವುದೂ ನೆನಪಿಗೆ ಬರಲಿಲ್ಲ.

"ನಾ ಫೇಲ್ ಆದೆ" ಎಂದೆ.

ಯಾರೂ ನಗಲಿಲ್ಲ. ನಗುತ್ತಾರೆಂದು ನಾನು ಕಾದಿದ್ದೆ. ಕೊನೆಯ ಬೆಂಚಿನಿಂದ ರೇಷ್ಮಾ ಮೆಲ್ಲಗೆ ಕೇಳಿದಳು: "ಆಮ್ಯಾಲೆ ಏನಾತ್ರಿ ಮೇಡಂ?"

ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಬಾವಿಗೆ ಇಳಿದು ಬಂದವಳನ್ನು ನೀರು ಎಷ್ಟಿತ್ತು ಎಂದು ಕೇಳುವ ಹಾಗೆ ಕೇಳಿದಳು. ನಾನು ಯೋಚನೆ ಮಾಡಿದೆ. ಆಮೇಲೆ ಏನಾಯಿತು?

"ಏನೂ ಆಗಲಿಲ್ಲವ್ವ. ಪರೀಕ್ಷಾ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ. ಹಸಿವಾಗಿತ್ತು. ಮಂಡಕ್ಕಿ ಮಿರ್ಚಿ ತಿಂದೆ. ಮಿರ್ಚಿ ಬಿಸಿ ಇತ್ತು, ಚಲೋ ಇತ್ತು. ಇನ್ನೊಂದು ಪ್ಲೇಟ್ ತಗೊಂಡೆ. ಮನಿಗೆ ಬಂದೆ. ರಿಸಲ್ಟ್ ಬಂದ ದಿನ ನಮ್ಮನಿಯವ್ರು ಹೋಗ್ಲಿ ಬಿಡು ಅಂದ್ರು. ಮರುದಿನ ಹೊತ್ತು ಹುಟ್ಟಿತು. ಕಾಲೇಜಿಗೆ ಬಂದೆ. ಅಷ್ಟ."

"ಎರಡು ಪ್ಲೇಟ್ ತಿಂದ್ರೇನ್ರಿ?" ಎಂದ ಮಲ್ಲೇಶಿ. ಆಗ ನಕ್ಕರು ನೋಡಿ. ಎಲ್ಲರಿಗಿಂತ ಹೆಚ್ಚು ನಕ್ಕವಳು ರೇಷ್ಮಾ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಬೆಂಚಿನ ಮೇಲೆ ತಲೆಯಿಟ್ಟಳು. ಅವತ್ತು ಕೊಟ್ಟ ಅಭ್ಯಾಸ ಪರೀಕ್ಷೆಯಲ್ಲಿ ಅವಳು ನಲವತ್ತೊಂದು ಸೊನ್ನೆ ತುಂಬಿದಳು. ಮರುವಾರ ಐವತ್ತೆಂಟು. ಅದರ ಮುಂದಿನ ವಾರ ಅರವತ್ತು, ಅದರಲ್ಲಿ ಒಂದು ಸೊನ್ನೆಯನ್ನು ಎಷ್ಟು ಒತ್ತಿ ತುಂಬಿದ್ದಳೆಂದರೆ ಹಾಳೆ ತೂತಾಗಿತ್ತು. ನಾನು ಆ ತೂತನ್ನು ಕಿಟಕಿಗೆ ಹಿಡಿದು ಬೆಳಕು ಬರುವುದನ್ನು ನೋಡಿದೆ. ವರ್ಷವಿಡೀ ಮಾಡಿದ ಭಾಷಣದಿಂದ ಆಗದ ಕೆಲಸ ಎರಡು ಅಂಕ ಕಡಿಮೆ ಬಂದದ್ದರಿಂದ ಆಗಿತ್ತು.

ಸಿಇಟಿಯ ದಿನ ನಾನೂ ಮಕ್ಕಳ ಜೊತೆ ಹೋಗಿದ್ದೆ. ಒಳಗೆ ಹೋಗುವಾಗ ರೇಷ್ಮಾಳ ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. "ನಡುಗಾಕತ್ತೈತ್ರಿ ಮೇಡಂ. ನಡುಗ್ಲಿ, ಹಂಗ ತುಂಬ್ತೀನಿ" ಎಂದಳು. ಹೊರಗೆ ಖಾದರ್ ಸಾಬರ ಪಾಡು ನೋಡುವಂತಿರಲಿಲ್ಲ. ಗೇಟಿನಿಂದ ಮರದವರೆಗೆ, ಮರದಿಂದ ಗೇಟಿನವರೆಗೆ ನಡೆದರು. ಕೊನೆಗೆ ಯಾರದೋ ಅಪ್ಪನ ಬೈಕು ಸ್ಟಾರ್ಟ್ ಆಗದೆ ನಿಂತದ್ದು ಕಣ್ಣಿಗೆ ಬಿದ್ದು ಅವರ ಜೀವ ಉಳಿಯಿತು. ಕೂತು ಬಿಚ್ಚಿದರು. ಅದು ಸರಿಯಾದ ಮೇಲೆ, "ಮೇಡಂ, ಮತ್ಯಾವದಾರ ಕೆಟ್ಟು ನಿಂತೈತೇನು ನೋಡ್ರಿ" ಎಂದು ನನ್ನನ್ನೇ ಹುಡುಕಲು ಕಳಿಸಿದರು. ಬೆಲ್ಲು ಹೊಡೆದು ಮಗಳು ಹೊರಬಂದಾಗ ಅವರ ಕೈತುಂಬ ಎಣ್ಣೆ.

"ಎಲ್ಲಾ ತುಂಬಿದೆ ಅಬ್ಬಾ. ನಾಕೈದು ತಪ್ಪಾಗ್ಯಾವ. ಯಾವ್ಯಾವು ಅಂತನೂ ಗೊತ್ತೈತಿ" ಎಂದು ನಕ್ಕಳು.

"ತಪ್ಪಾಗ್ಯಾವಂತ ನಗಾಕತ್ತಾಳ ನೋಡ್ರಿ ಮೇಡಂ!" ಎಂದರು ಖಾದರ್ ಸಾಬ್. ಆಮೇಲೆ ಅವಳು ಅಲ್ಲೇ, ಗೇಟಿನ ಮುಂದೆ, ದನದ ಡಾಕ್ಟರ್ ವಿಷಯವನ್ನೂ ಹೇಳಿಬಿಟ್ಟಳು. ತುಂಬುವ ಚಟ ಹತ್ತಿತ್ತೇನೋ. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಎಣ್ಣೆ ಕೈ ನೋಡಿಕೊಂಡರು. "ಬಾಯಿಲ್ಲದ್ದಕ್ಕ ಏನಾಗೈತಿ ಅಂತ ಕೈ ಇಟ್ಟು ತಿಳಕೊಳ್ಳೋದು, ನನ್ನ ಕೆಲಸನ ಅಲ್ಲೇನು ಅದು?" ಎಂದರು. ಅಷ್ಟು ಹೇಳಿ, ಮುಖ ಆಚೆ ಮಾಡಿ, ಎಣ್ಣೆ ಕೈಯಿಂದಲೇ ಕಣ್ಣೊರೆಸಿಕೊಂಡರು. ವಾಪಸು ಬರುವಾಗ ಬಸ್ಸಿನ ತುಂಬ ಜನ ಅವರ ಕಪ್ಪಾದ ಕೆನ್ನೆ ನೋಡುತ್ತಿದ್ದರು, ಅವರಿಗೆ ಯಾರೂ ಹೇಳಲಿಲ್ಲ.

ರೇಷ್ಮಾ ಈಗ ಬೀದರ್ ಕಡೆ ವೆಟರ್ನರಿ ಓದುತ್ತಿದ್ದಾಳೆ. ಮಲ್ಲೇಶಿ ಪ್ರಶ್ನೆಗಳನ್ನು ಓದಿ ಬರೆದನಂತೆ, ಅವನಿಗೂ ಇಂಜಿನಿಯರಿಂಗ್ ಸಿಕ್ಕಿತು. ಮಲ್ಲಿಗೆ ಅಜ್ಜಿ ಮಾತ್ರ ಸಿಟ್ಟಾಗಿದ್ದಾಳೆ.

ಇದರಿಂದ ನನ್ನ ಹೆಸರು ಸುತ್ತಲ ತಾಲ್ಲೂಕಿಗೆಲ್ಲ ಹಬ್ಬಿತು. ಹೋದ ತಿಂಗಳು ಹರಪನಹಳ್ಳಿಯ ಒಂದು ಕಾಲೇಜಿನವರು 'ಪರೀಕ್ಷೆಯನ್ನು ಎದುರಿಸುವ ಬಗೆ' ಎಂಬ ವಿಷಯಕ್ಕೆ ನನ್ನನ್ನು ಕರೆಸಿ ಶಾಲು ಹೊದಿಸಿದರು. ನಾನು ನಪಾಸಾದ ಕಥೆಯನ್ನು ಈಗ ಬಹಳ ಚೆನ್ನಾಗಿ ಹೇಳುತ್ತೇನೆ. ಮಿರ್ಚಿಯ ಹತ್ತಿರ ಬಂದಾಗ ಸ್ವಲ್ಪ ನಿಲ್ಲುತ್ತೇನೆ, ಅಲ್ಲಿ ನಗುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಮೇಡಂ, ಆ ಪರೀಕ್ಷೆ ಮತ್ತೆ ಯಾವಾಗ ಬರೀತೀರಿ?"

ಆಮೇಲೆ ಎರಡು ಸಲ ಅರ್ಜಿ ಕರೆದಿದ್ದರು. ಒಂದು ಸಲ ನನಗೆ ಜ್ವರ ಇತ್ತು, ಇನ್ನೊಂದು ಸಲ ನಾದಿನಿಯ ಮಗಳ ಸೀಮಂತ. ನಾನು ಕೈಗಡಿಯಾರ ನೋಡಿಕೊಂಡು, ಬಹಳ ಒಳ್ಳೆಯ ಪ್ರಶ್ನೆ, ಆದರೆ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಹೊತ್ತಾಯಿತು ಎಂದು ಮೈಕು ಕೆಳಗಿಟ್ಟೆ.

"ಇನ್ನೂ ಮುಕ್ಕಾಲು ಗಂಟೆ ಐತೆ ಮೇಡಂ" ಎಂದಳು ಹುಡುಗಿ. "ಆ ಬಸ್ಸಿಗೆ ನಮ್ಮಪ್ಪನೇ ಡ್ರೈವರ್. ನೀವು ಬರೋತನ ನಿಲ್ಲಿಸಿರ್ತಾರೆ. ನಿಧಾನಕ್ಕೆ ಹೇಳಿ."

ಇಡೀ ಸಭೆ ನನ್ನ ಕಡೆ ತಿರುಗಿತು. ಶಾಲಿನೊಳಗೆ ಬೆವರು ಬಂತು. ಮೈಕನ್ನು ಮತ್ತೆ ಎತ್ತಿಕೊಂಡು, "ಬರೋ ತಿಂಗಳು" ಎಂದೆ. ಮುನ್ನೂರು ಮಕ್ಕಳು ಚಪ್ಪಾಳೆ ತಟ್ಟಿದರು. ಒಮ್ಮೆ ಅಂದದ್ದನ್ನು ಅಳಿಸುವಂತಿಲ್ಲ, ಹಾಗಾಗಿ ಈಗ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ಒಗೆಯಲು ಹಾಕಿದ್ದೇನೆ. ಒಣಗಿದ ಮೇಲೆ ಓದಲು ಶುರು ಮಾಡಬೇಕು.